ಗೋಡೆಯ ಪಕ್ಕದ ಬಕೆಟ್

ನಮ್ಮ ನಾಂತ್‌ವೆನ್ ಊರಿನಲ್ಲಿ ಅರ್ಧ ಬೀದಿಗೆ ಒಂದೇ ಮನೆತನದ ಹೆಸರು. ಆದ್ದರಿಂದ ಜನರನ್ನು ಅವರು ಮಾಡುವ ಕೆಲಸದಿಂದ ಕರೆಯುವುದು ವಾಡಿಕೆ. ಹಾಲು ತರುವವನು ಐವರ್ ಹಾಲು, ಅಂಚೆ ತರುವವನು ಬ್ರಿನ್ ಅಂಚೆ. ಮೋಸ್ಟಿನ್ ಎಂಬವನು ಕಲ್ಲಿದ್ದಲ ಗಣಿಯೊಳಗೆ ಬಂಡಿ ಎಳೆಯುವ ಕುದುರೆಗಳ ಲಾಯವನ್ನು ನೋಡಿಕೊಳ್ಳುತ್ತಿದ್ದವನು. ಆ ಲೆಕ್ಕದಲ್ಲಿ ಅವನು ಮೋಸ್ಟಿನ್ ಕುದುರೆ ಆಗಬೇಕಿತ್ತು. ಆದರೆ ಊರು ಅವನನ್ನು ಕರೆದದ್ದು ಮೋಸ್ಟಿನ್ ಬಕೆಟ್ ಎಂದು. ವಾರವೆಲ್ಲ ನೆಲದಡಿ ಮಾಡುವ ಕೆಲಸ ಹೊಟ್ಟೆಗೆ, ಶನಿವಾರ ಮಧ್ಯಾಹ್ನ ರಗ್ಬಿ ಮೈದಾನದಲ್ಲಿ ಮಾಡುವುದೇ ಅವನ ನಿಜವಾದ ಕೆಲಸ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಆ ಕೆಲಸ ಇಷ್ಟೇ. ಒಂದು ತಗಡಿನ ಬಕೆಟ್ಟಿನಲ್ಲಿ ತಣ್ಣೀರು, ಅದರಲ್ಲಿ ಒಂದು ದಪ್ಪ ಸ್ಪಂಜು. ಆಟಗಾರ ಪೆಟ್ಟು ತಿಂದು ಬಿದ್ದರೆ ಮೋಸ್ಟಿನ್ ಓಡಬೇಕು. ಮೊಣಕಾಲು ತಿರುಚಿದರೂ ತಣ್ಣೀರು, ಮೂಗು ಒಡೆದರೂ ತಣ್ಣೀರು, ಕಣ್ಣು ಕತ್ತಲೆ ಕಟ್ಟಿದರಂತೂ ಇಡೀ ಸ್ಪಂಜನ್ನು ಕತ್ತಿನ ಹಿಂಭಾಗಕ್ಕೆ ಹಿಂಡುವುದು. ಜನವರಿಯಲ್ಲಿ ಬಕೆಟ್ಟಿನ ಮೇಲೆ ಕಟ್ಟಿದ ಮಂಜಿನ ಹೆಪ್ಪನ್ನು ಬೂಟಿನ ಹಿಮ್ಮಡಿಯಿಂದ ಒಡೆದು ಸ್ಪಂಜು ಅದ್ದುತ್ತಿದ್ದ. ಆಗ ಬಿದ್ದವನು, ಸ್ಪಂಜು ತನ್ನನ್ನು ಮುಟ್ಟುವ ಮೊದಲೇ ಎದ್ದು ನಿಲ್ಲುತ್ತಿದ್ದದ್ದುಂಟು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಒಬ್ಬ ಹೊರಬಿದ್ದರೆ ಉಳಿದ ಹದಿನಾಲ್ಕು ಜನರೇ ಆಡಿ ಮುಗಿಸಬೇಕು. ಹಾಗಾಗಿ ಬಿದ್ದವನನ್ನು ಎಬ್ಬಿಸುವುದು ದೊಡ್ಡ ವಿದ್ಯೆ. ಮೋಸ್ಟಿನ್ ನಮ್ಮನ್ನೂ ಕುದುರೆಗಳನ್ನು ಎಬ್ಬಿಸಿದ ಹಾಗೆಯೇ ಎಬ್ಬಿಸುತ್ತಿದ್ದ. ನಾಲಿಗೆಯಿಂದ ಲೊಚ್ ಲೊಚ್ ಎಂದು ಶಬ್ದ ಮಾಡಿ, "ಹೋ... ಹೋ... ನಿಧಾನ ನನ್ನ ರಾಜ, ಮೇಲೇಳು ನೋಡಣ" ಎನ್ನುವನು. ನಾನೂ ಆ ತಂಡದ ಒಂದು ಅಂಚಿನಲ್ಲಿ ಓಡುತ್ತಿದ್ದವನು. ಆ ಲೊಚಗುಟ್ಟುವಿಕೆಗೆ ಎಷ್ಟೋ ಸಲ ಎದ್ದಿದ್ದೇನೆ.

ಆಟದ ವಿಷಯ ಮಾತ್ರ ಅವನಿಗೆ ಏನೇನೂ ತಿಳಿಯದು. ಒಮ್ಮೆ ಎದುರಾಳಿಯ ಹುಡುಗನೊಬ್ಬ ನಮ್ಮವರನ್ನೆಲ್ಲ ತಪ್ಪಿಸಿ ಓಡಿ ಗೆರೆಯಾಚೆ ಚೆಂಡು ಊರಿದಾಗ, ಮೋಸ್ಟಿನ್ ಬಕೆಟ್ ಕೆಳಗಿಟ್ಟು ಜೋರಾಗಿ ಚಪ್ಪಾಳೆ ತಟ್ಟಿದ.

"ಏನೋ ಮೋಸ್ಟಿನ್, ತಲೆ ಕೆಟ್ಟಿದೆಯೇನೋ? ಅವರು ನಮ್ಮನ್ನ ಸೋಲಿಸ್ತಿದ್ರೆ ಚಪ್ಪಾಳೆ ಹೊಡೀತೀಯಲ್ಲ!" ಎಂದು ಐವರ್ ಹಾಲು ಕೂಗಿದ.

"ಚೆನ್ನಾಗಿ ಓಡ್ದ ಕಣಯ್ಯ ಆ ಹುಡ್ಗ. ಓಡೋ ಕುದುರೆ ಯಾರದಾದ್ರೇನು?"

ಯುದ್ಧ ಮುಗಿದು ಹುಡುಗರು ಒಬ್ಬೊಬ್ಬರಾಗಿ ಊರಿಗೆ ಬಂದ ಮೇಲೆ ಕ್ಲಬ್ಬನ್ನು ಮತ್ತೆ ಕಟ್ಟಬೇಕಾಯಿತು. ಆಟದ ಮೈದಾನದಲ್ಲಿ ಯುದ್ಧಕಾಲವೆಲ್ಲ ಆಲೂಗಡ್ಡೆ ಬೆಳೆದಿದ್ದರು. ನೆಲವನ್ನು ಎಷ್ಟು ಸಮ ಮಾಡಿದರೂ ಮೊದಲ ವರ್ಷ, ಎರಡು ಕಡೆಯ ದಢೂತಿ ಆಟಗಾರರು ತಲೆಗೆ ತಲೆ ಕೊಟ್ಟು ತಳ್ಳಾಡುವ ಸ್ಕ್ರಮ್ಮಿನ ಕಾಲಡಿಯಿಂದ ಆಲೂಗಡ್ಡೆ ಉರುಳಿ ಬರುತ್ತಿದ್ದವು. ಒಂದು ಆಟದಲ್ಲಿ ನಮ್ಮವನೊಬ್ಬ ಚೆಂಡೆಂದು ಆಲೂಗಡ್ಡೆಯನ್ನೇ ಹೆಕ್ಕಿಕೊಂಡು ಓಡಿದ ಎಂದು ಹೇಳುತ್ತಾರೆ. ಅದು ಸುಳ್ಳು, ಅವನು ಹೆಕ್ಕಿದ್ದು ನಿಜ, ಓಡಲಿಲ್ಲ. ಮೋಸ್ಟಿನ್ ಆ ಆಲೂಗಡ್ಡೆಗಳನ್ನೆಲ್ಲ ಬಕೆಟ್ಟಿಗೆ ಹಾಕಿಕೊಂಡು ಹೆಂಡತಿ ಕೈನ್ವೆನ್‌ಗೆ ಕೊಡುತ್ತಿದ್ದ. ಬಟ್ಟೆಗೂ ರೇಷನ್ ಕೂಪನ್ನು ಬೇಕಾದ ಕಾಲ ಅದು. ನಮ್ಮ ಹಳೆಯ ಕೆಂಪು ಅಂಗಿಗಳಿಗೆ, ಯುದ್ಧದಲ್ಲಿ ವಿಮಾನಗಳಿಗೆ ಬೆಳಕು ಕಾಣದಂತೆ ಕಿಟಕಿಗಳಿಗೆ ಕಟ್ಟಿದ್ದ ಕಪ್ಪು ಬಟ್ಟೆಯ ತೇಪೆಗಳನ್ನು ಹಾಕಿದವಳೂ ಅವಳೇ. ಬೆನ್ನಿನ ಮೇಲೆ ಯಾವ ಆಕಾರದ ತೇಪೆಯಿದೆ ಎಂಬುದರಿಂದಲೇ ದೂರದಿಂದ ಯಾರು ಯಾರೆಂದು ಗುರುತು ಹಿಡಿಯುತ್ತಿದ್ದೆವು.

ಕ್ಲಬ್ಬಿನ ಸೆಕ್ರೆಟರಿ ಪ್ರಾಥರೋ ಅವರು ಗಣಿಯಲ್ಲಿ ಕಾರ್ಮಿಕರ ಪರವಾಗಿ ಕಲ್ಲಿದ್ದಲ ತೂಕ ನೋಡುತ್ತಿದ್ದವರು, ಪ್ರಾರ್ಥನಾಮಂದಿರದ ಹಿರಿಯರು. ಗುಂಡು ಟೋಪಿ ಇಲ್ಲದೆ ಅವರನ್ನು ಹೊರಗೆ ಕಂಡವರಿಲ್ಲ. ಹರೆಯದಲ್ಲಿ ಗಣಿಯ ಸಿಡಿಮದ್ದಿನ ಸದ್ದಿಗೆ ಎಡಗಿವಿ ಪೂರ್ತಿ ಹೋಗಿತ್ತು. ಯಾರಾದರೂ ಮಾತಾಡಿಸಿದರೆ ಬಲಗಿವಿಯನ್ನು ಮುಂದೆ ತಂದು, ತಲೆ ಓರೆ ಮಾಡಿ ಕೇಳುತ್ತಿದ್ದರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಅವರು ತಂಡದ ಕ್ಯಾಪ್ಟನ್ ಆಗಿದ್ದ ಕಾಲದಲ್ಲಿ ಮೋಸ್ಟಿನ್ನನ ತಮ್ಮ ಎಮ್ಲಿನ್‌ಗೆ ಚೆಂಡು ಒದೆಯುವುದನ್ನು ಕಲಿಸಿದವರು ಅವರೇ. ಅಂಥ ಕಾಲು ಈ ಕಣಿವೆಯಲ್ಲಿ ಇನ್ನೊಂದು ಹುಟ್ಟಲಿಲ್ಲ ಎಂದು ನೋಡಿದವರು ಹೇಳುತ್ತಿದ್ದರು.

ಆ ಎಮ್ಲಿನ್, ಗಣಿ ಮುಚ್ಚಿ ಊರಿಗೆ ಊರೇ ಕೈಕಟ್ಟಿ ಕುಳಿತಿದ್ದ ಕಷ್ಟಕಾಲದಲ್ಲಿ ಉತ್ತರಕ್ಕೆ ಹೋಗಿಬಿಟ್ಟ. ಉತ್ತರಕ್ಕೆ ಹೋಗುವುದು ಎಂದರೆ ನಮ್ಮಲ್ಲಿ ಒಂದೇ ಅರ್ಥ. ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಸಂಬಳ ಪಡೆದು ಆಡುವ ರಗ್ಬಿಯೊಂದಿತ್ತು, ಅಲ್ಲಿಗೆ ಸೇರುವುದು. ನಮ್ಮದು ಸಂತೋಷಕ್ಕೆ ಆಡುವ ಆಟ. ಒಮ್ಮೆ ಕೂಲಿ ಪಡೆದು ಆಡಿದವನು ಮತ್ತೆ ಜೀವಮಾನದಲ್ಲಿ ನಮ್ಮ ಕಡೆಯ ಯಾವ ಕ್ಲಬ್ಬಿನ ಗೇಟನ್ನೂ ದಾಟುವಂತಿರಲಿಲ್ಲ. ಆಡುವುದಿರಲಿ, ಒಳಗೆ ನಿಂತು ನೋಡುವಂತೆಯೂ ಇಲ್ಲ. ಹುಡುಗರಿಗೆ ಒಂದು ಮಾತು ಹೇಳಿಕೊಡುವಂತೆಯೂ ಇಲ್ಲ. ಎಮ್ಲಿನ್ ಹೊರಟ ದಿನ ಪ್ರಾಥರೋ ಅವರು ಸ್ಟೇಷನ್ನಿಗೆ ಹೋಗಿ, ರೈಲು ಹೊರಡುವವರೆಗೂ ಅವನ ಎದುರಿಗೆ ನಿಂತು, ಒಂದು ಮಾತೂ ಆಡದೆ ಮರಳಿದರಂತೆ.

ಗಣಿಗಳು ಸರ್ಕಾರದ ಕೈಗೆ ಬಂದ ವರ್ಷ ಎಮ್ಲಿನ್ ಹಾಳಾದ ಮೊಣಕಾಲಿನೊಡನೆ ಊರಿಗೆ ಬಂದ. ಗಣಿಯ ದೀಪದ ಕೋಣೆಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯ ಹಿಂಬದಿಯ ಕೋಣೆಯಲ್ಲಿ ಇಳಿದುಕೊಂಡ. ಮೊದಲ ಶನಿವಾರ, ಪ್ರಾರ್ಥನೆಗೆ ತೊಡುವ ಒಳ್ಳೆಯ ಸೂಟು ತೊಟ್ಟು, ಅಣ್ಣನ ಜೊತೆ ಮೈದಾನದ ಗೇಟಿನವರೆಗೂ ಬಂದ. ಗೇಟಿನಲ್ಲಿ ಪ್ರಾಥರೋ ಅವರೇ ನಿಂತಿದ್ದರು.

"ಎಮ್ಲಿನ್, ನಿಂಗೆ ರೂಲು ಗೊತ್ತು" ಎಂದರು.

"ಗೊತ್ತು ಸೆಕ್ರೆಟರಿಗಳೇ."

"ಗೊತ್ತಿದ್ದೂ ಬಂದ್ಯಾ?"

"ಏನೋ, ಮರೆತಿರಬಹುದು ಅಂದ್ಕೊಂಡೆ."

"ನಾನು ಮರೆಯೋನಲ್ಲ."

ಎಮ್ಲಿನ್ ಟೋಪಿ ಮುಟ್ಟಿ ನಮಸ್ಕರಿಸಿ ಹೊರಟುಹೋದ. ಅಣ್ಣ ಒಳಗೆ, ತಮ್ಮ ಹೊರಗೆ. ಮೋಸ್ಟಿನ್ ಬಕೆಟ್ ಹಿಡಿದುಕೊಂಡು ನಲ್ಲಿಯ ಕಡೆ ನಡೆದ.

ಮೈದಾನದ ಮೂಡಣ ಮಗ್ಗುಲಲ್ಲಿ ಎದೆಯೆತ್ತರದ ಕಲ್ಲುಗೋಡೆ. ಅದರ ಆಚೆ ಗಣಿಗೆ ಹೋಗುವ ಕಾಲುದಾರಿ. ಅರ್ಧ ಆಟ ಮುಗಿಯುವಷ್ಟರಲ್ಲಿ ಆ ಗೋಡೆಯ ಮೇಲೆ ಎರಡು ಮೊಣಕೈಗಳೂ ಒಂದು ಟೋಪಿಯೂ ಕಾಣಿಸಿಕೊಂಡವು. ದಾರಿ ಕ್ಲಬ್ಬಿನದಲ್ಲವಾದ್ದರಿಂದ ಯಾರೂ ಏನೂ ಅನ್ನುವಂತಿರಲಿಲ್ಲ. ಮುಂದಿನ ವಾರದಿಂದ ಮೋಸ್ಟಿನ್ ತನ್ನ ಜಾಗ ಬದಲಾಯಿಸಿದ. ಅಷ್ಟು ವರ್ಷ ನಲ್ಲಿಯ ಪಕ್ಕ ನಿಲ್ಲುತ್ತಿದ್ದವನು, ಈಗ ತುಂಬಿದ ಬಕೆಟ್ಟನ್ನು ಮೈದಾನ ಬಳಸಿ ಹೊತ್ತು ತಂದು ಗೋಡೆಯ ಬುಡದಲ್ಲಿ ಇಡತೊಡಗಿದ.

"ನಲ್ಲಿ ಅಲ್ಲಿ, ನೀನು ಇಲ್ಲಿ. ವಯಸ್ಸಾದ್ಮೇಲೆ ಕಸರತ್ತು ಹೆಚ್ಚಾಯ್ತಾ?" ಎಂದು ಐವರ್ ಹಾಲು ಕೆಣಕಿದ.

"ಇಲ್ಲಿ ಗಾಳಿ ಕಮ್ಮಿ ಕಣಯ್ಯ" ಎಂದ ಮೋಸ್ಟಿನ್. ಇಡೀ ಮೈದಾನದಲ್ಲಿ ಅತಿ ಹೆಚ್ಚು ಗಾಳಿ ಬೀಸುವ ಜಾಗ ಅದು.

ನಮ್ಮ ತಂಡದ ಆಟ ನಡೆಸುತ್ತಿದ್ದವನು ಗೆಥಿನ್. ಚೆಂಡು ಹೆಚ್ಚಾಗಿ ಅವನ ಕೈಗೇ ಬರುವುದು. ಒಂದು ಶನಿವಾರ ಅವನು ಪಕ್ಕೆಗೆ ಪೆಟ್ಟು ತಿಂದು ಗೋಡೆಯ ಹತ್ತಿರ ಬಿದ್ದ. ಮೋಸ್ಟಿನ್ ಓಡಿಬಂದು ಸ್ಪಂಜು ಹಿಂಡುತ್ತ, ಲೊಚಗುಟ್ಟುತ್ತ, ಅವನ ಕಿವಿಯಲ್ಲಿ ಹೇಳಿದ: "ಅವರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲೋನು ಇದಾನಲ್ಲ, ಅವನಿಗೆ ಎಡಗಾಲಲ್ಲಿ ಒದೆಯೋಕೆ ಬರಲ್ಲ. ಚೆಂಡನ್ನ ಅವನ ಎಡಕ್ಕೇ ಬೀಳ್ಸು."

ಗೆಥಿನ್ ಕಣ್ಣು ಬಿಟ್ಟು ನೋಡಿದ. "ನಿಂಗೆ ಹೇಗೋ ಗೊತ್ತು?"

"ನಂಗೇನು ಗೊತ್ತು ರಾಜ? ನಂಗೆ ಎಡ ಯಾವ್ದು ಬಲ ಯಾವ್ದು ಅಂತಾನೂ ಗೊತ್ತಿಲ್ಲ. ಹೇಳು ಅಂದ್ರು, ಹೇಳ್ದೆ."

ಗೆಥಿನ್ ಹಾಗೆಯೇ ಮಾಡಿದ. ಆ ಆಟ ಗೆದ್ದೆವು. ಆಮೇಲಿನ ವಾರಗಳಲ್ಲಿ ನಮ್ಮ ತಂಡಕ್ಕೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಆಟ ಬಿಗಿಯಾದಾಗಲೆಲ್ಲ ನಮ್ಮಲ್ಲೊಬ್ಬ ಮೂಡಣ ಮಗ್ಗುಲಲ್ಲಿ ಕಾಲು ಹಿಡಿದುಕೊಂಡು ಬೀಳುವನು. ಮೋಸ್ಟಿನ್ ಬಂದು ಬಗ್ಗಿದೊಡನೆ, "ಗೋಡೆ ಏನಂತೆ?" ಎಂದು ಪಿಸುಗುಟ್ಟುವನು. ಗೋಡೆ ಹೇಳಿದ್ದನ್ನು ಕೇಳಿಕೊಂಡು ಚಂಗನೆ ಎದ್ದು ಓಡುವನು. ನಮ್ಮ ಅತಿ ಭಾರದ ಆಟಗಾರ ಒಮ್ಮೆ ಪಡುವಣ ಮಗ್ಗುಲಲ್ಲಿ ನಿಜವಾಗಿಯೇ ಪೆಟ್ಟು ತಿಂದು ಬಿದ್ದಾಗ, "ಈ ಕಡೆ ಯಾಕೋ ಬಿದ್ದೆ, ಮಂಕೆ?" ಎಂದು ನಾವೇ ಬೈದೆವು. ರೆಫರಿ ಗಡ್ಡ ಕೆರೆದುಕೊಂಡು, "ನಿಮ್ಮ ಹುಡುಗ್ರಿಗೆ ಆ ಕಡೆ ನೆಲ ಏನಾದ್ರೂ ಇಳಿಜಾರಾ?" ಎಂದು ಕೇಳಿದ.

ಎದುರಾಳಿಗಳು ದಡ್ಡರಲ್ಲ. ಮುಂದಿನ ವಾರ ನಮ್ಮೊಡನೆ ಆಡಬೇಕಿದ್ದ ಪಕ್ಕದ ಬ್ರಿನ್‌ಹೆಲಿಗ್ ಊರಿನ ಸೆಕ್ರೆಟರಿ ನಮ್ಮ ಆಟ ನೋಡಲು ಬಂದು, ಮುಗಿದ ಮೇಲೆ ಚಹಾ ಕುಡಿಯುತ್ತ, ನಮ್ಮ ಪ್ರಾಥರೋ ಅವರ ಬಲಗಿವಿಗೇ ಬಾಯಿ ಹತ್ತಿರ ತಂದು, "ನಿಮ್ಮ ಗೋಡೆ ಬಹಳ ಚೆನ್ನಾಗಿ ಮಾತಾಡತ್ತಂತೆ. ಕಾರ್ಡಿಫ್‌ನಲ್ಲಿರೋ ದೊಡ್ಡವರಿಗೂ ಕೇಳೋಕೆ ಇಷ್ಟ ಆಗಬಹುದು" ಎಂದರು. ಆಟದ ನಿಯಮ ನಡೆಸುವ ಸಂಘ ಇದ್ದದ್ದು ಕಾರ್ಡಿಫ್‌ನಲ್ಲಿ, ಅದು ತಮಾಷೆಯ ಮಾತಲ್ಲ. ಕೂಲಿ ಆಟಗಾರನ ನಂಟು ಇಟ್ಟುಕೊಂಡ ಕ್ಲಬ್ಬಿನೊಡನೆ ಯಾರೂ ಆಡುವಂತಿಲ್ಲ. ಆಡಲು ಯಾರೂ ಬಾರದ ಕ್ಲಬ್ಬು ಒಂದೇ ಚಳಿಗಾಲದಲ್ಲಿ ಸಾಯುತ್ತದೆ.

ಆ ಗುರುವಾರ ಸಂಜೆ ಪ್ರಾಥರೋ ಅವರು ಮೋಸ್ಟಿನ್ನನ ಮನೆಗೆ ಹೋದರು. ಮಾತು ಹೇಗೆ ನಡೆಯಿತೆಂಬುದನ್ನು ಕೈನ್ವೆನ್ ಮುಂದೆ ಎಷ್ಟೋ ಸಲ ಹೇಳಿದ್ದಾಳೆ. ಕಾವಲಿಯ ಮೇಲೆ ಒಣದ್ರಾಕ್ಷಿ ಬಿಲ್ಲೆಗಳನ್ನು ಬೇಯಿಸುತ್ತಿದ್ದಳಂತೆ. ಕೂರಿ ಎಂದರೂ ಅವರು ಕೂರಲಿಲ್ಲ.

"ಮೋಸ್ಟಿನ್, ಒಂದೋ ಬಕೆಟ್ಟು ನಲ್ಲಿ ಹತ್ರ ವಾಪಸ್ ಹೋಗ್ಬೇಕು, ಇಲ್ಲಾ ಬಕೆಟ್ಟನ್ನ ಬೇರೆಯವರಿಗೆ ಕೊಡ್ಬೇಕು. ಹುಡುಗ್ರ ಹೊಟ್ಟೆಗೆ ಅನ್ನ ಹಾಕದಿದ್ರೂ ಈ ಕ್ಲಬ್ಬು ಅವರ ಜೀವ. ಅದನ್ನ ನಾನು ಸಾಯಕ್ಕೆ ಬಿಡಲ್ಲ."

"ನನ್ನ ತಮ್ಮನ ಹತ್ರ ಮಾತಾಡ್ಬಾರ್ದಾ ಸ್ವಾಮಿ?"

"ಮನೇಲಿ ಎಷ್ಟಾದ್ರೂ ಮಾತಾಡು."

"ಒಂದು ಬಿಲ್ಲೆ ತಗೊಳ್ಳಿ ಸೆಕ್ರೆಟರಿಗಳೇ, ಬಿಸಿ ಇದೆ" ಎಂದಳು ಕೈನ್ವೆನ್.

"ಬೇಡಮ್ಮ. ಇವತ್ತು ಈ ಮನೇಲಿ ತಿನ್ನೋಕೆ ನಂಗೆ ಮುಖ ಇಲ್ಲ" ಎಂದು ಅವರು ಟೋಪಿ ಸರಿಪಡಿಸಿಕೊಂಡು ಹೊರಟರು.

ಹಿಂಬದಿಯ ಕೋಣೆಯಲ್ಲಿ ಎಮ್ಲಿನ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಶನಿವಾರ ಅಣ್ಣ ಹೊರಡುವಾಗ, "ಅಣ್ಣಾ, ನಂಗೆ ಇವತ್ತು ಕಾಲು ನೋವು. ನಾನು ಬರಲ್ಲ" ಎಂದ.

"ಸುಳ್ಳು ಹೇಳ್ತೀಯ" ಎಂದ ಮೋಸ್ಟಿನ್.

"ಹೂಂ. ಆದ್ರೂ ಬರಲ್ಲ. ನಿಂಗೆ ಆ ಬಕೆಟ್ ಬಿಟ್ರೆ ಏನಿದೆ? ಹೋಗು."

ಅಂದು ಬಂದಿದ್ದವರು ಬ್ರಿನ್‌ಹೆಲಿಗ್‌ನವರೇ. ಮೋಸ್ಟಿನ್ ನಲ್ಲಿಯ ಪಕ್ಕದಲ್ಲೇ ನಿಂತಿದ್ದ. ಗೋಡೆಯ ಮೇಲೆ ಮೊಣಕೈಯೂ ಇಲ್ಲ, ಟೋಪಿಯೂ ಇಲ್ಲ. ಅಂದು ನಮ್ಮವರಾರೂ ಸುಳ್ಳುಸುಳ್ಳೇ ಬೀಳಲಿಲ್ಲ. ಅರ್ಧ ಆಟ ಮುಗಿದಾಗ ಮೋಸ್ಟಿನ್ ಆ ಗೋಡೆಯನ್ನೇ ನೋಡುತ್ತಿದ್ದ. ಆಮೇಲೆ ಬಕೆಟ್ಟನ್ನು ಎತ್ತಿಕೊಂಡು, ನೀರು ತುಳುಕದಂತೆ ಮೆಲ್ಲನೆ ನಡೆದು ಬಂದು ಪ್ರಾಥರೋ ಅವರ ಬೂಟಿನ ಮುಂದೆ ಇಟ್ಟ.

"ತಗೊಳ್ಳಿ ಸ್ವಾಮಿ. ಕುದುರೆ ಜೋಡಿನ ಬೇರೆ ಮಾಡಿದ್ರೆ ಎರಡೂ ಮೇವು ಬಿಡತ್ತೆ. ನಾನು ಹೋಗ್ತೀನಿ."

"ಆಟ ಇನ್ನೂ ಅರ್ಧ ಇದೆ ಮೋಸ್ಟಿನ್!"

"ನೀರೂ ಅರ್ಧ ಇದೆ. ಸಾಕಾಗತ್ತೆ."

ಹಾಗೆ ಹೇಳಿ ಗೇಟು ದಾಟಿ ಹೋದ. ಮನೆಗೆ ಹೋಗಿ, ಆಲೂಗಡ್ಡೆ ಸುಲಿಯುತ್ತಿದ್ದ ತಮ್ಮನ ಕೈಯಿಂದ ಚಾಕು ಕಿತ್ತಿಟ್ಟು, "ಏಳು, ಆಟ ನೋಡೋಕೆ ಹೋಗಣ" ಎಂದನಂತೆ. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಎರಡು ಟೋಪಿಗಳು ಕಂಡವು. ಮೋಸ್ಟಿನ್ ಮೊದಲ ಬಾರಿಗೆ ಹೊರಗಿನಿಂದ ಆಟ ನೋಡುತ್ತಿದ್ದ.

ಅಷ್ಟರಲ್ಲಿ ಗೆಥಿನ್ ಬಿದ್ದ. ಅದು ನಿಜವಾದ ಬೀಳುವಿಕೆ. ಎದುರಿನವನ ಭುಜ ತಲೆಗೆ ಬಡಿದು, ಕೆಸರಿನಲ್ಲಿ ಮುಖ ಹುದುಗಿಸಿ ಅಲುಗದೆ ಮಲಗಿದ. "ಬಕೆಟ್! ಬಕೆಟ್!" ಎಂದು ಜನ ಕೂಗಿದರು. ಪ್ರಾಥರೋ ಅವರು ಅತ್ತ ಇತ್ತ ನೋಡಿದರು. ಬಕೆಟ್ ಅವರ ಕಾಲ ಬಳಿಯೇ ಇತ್ತು. ಎತ್ತಿಕೊಂಡು ಓಡಿದರು. ಓಡುವಾಗ ಅರ್ಧ ನೀರು ಪ್ಯಾಂಟಿನ ಮೇಲೆ, ಟೋಪಿ ಕೆಸರಿನಲ್ಲಿ. ಊರು ಅವರ ಬೋಳುತಲೆಯನ್ನು ಅಂದೇ ಕಂಡದ್ದು. ಎಲ್ಲರೂ ನಕ್ಕರು, ಬ್ರಿನ್‌ಹೆಲಿಗ್‌ನವರು ಇನ್ನೂ ಜೋರಾಗಿ ನಕ್ಕರು.

ನಾನು ಗೆಥಿನ್‌ನ ತಲೆ ಹಿಡಿದುಕೊಂಡಿದ್ದೆ. ಪ್ರಾಥರೋ ಅವರು ಮೊಣಕಾಲೂರಿ, ಸ್ಪಂಜನ್ನು ಹಿಂಡಲು ಬಾರದೆ ಹಾಗೆಯೇ ಅವನ ಮುಖಕ್ಕೆ ಒತ್ತಿದರು. ಗೆಥಿನ್ ಕಣ್ಣು ಬಿಡಲಾರದೆ, ಕೆಸರು ತುಂಬಿದ ಬಾಯಲ್ಲಿ ಕೇಳಿದ:

"ಗೋಡೆ ಏನಂತೆ, ಮೋಸ್ಟಿನ್?"

ಪ್ರಾಥರೋ ಅವರು ಬಲಗಿವಿಯನ್ನು ಅವನ ಬಾಯಿಯ ಹತ್ತಿರವೇ ಇಟ್ಟಿದ್ದರು, ಚೆನ್ನಾಗಿ ಕೇಳಿಸಿತು. ತಲೆಯೆತ್ತಿ ಗೋಡೆಯ ಕಡೆ ನೋಡಿದರು.

"ಗೋಡೆ ಇವತ್ತು ಸುಮ್ನಿದೆ ಮಗು. ಏಳು" ಎಂದರು.

ಗೆಥಿನ್ ಎದ್ದ. ಆಟ ಸೋತೆವು. ಜನ ಚದುರಿದರು, ಆಟಗಾರರು ಹೋಟೆಲಿನ ಹಿಂದಿನ ಲಾಯದಲ್ಲಿ ಕಾದಿದ್ದ ಬಿಸಿನೀರಿನ ತೊಟ್ಟಿಗಳ ಕಡೆ ಹೊರಟರು. ಪ್ರಾಥರೋ ಅವರು ಕೆಸರು ಮೆತ್ತಿದ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಖಾಲಿ ಬಕೆಟ್ಟಿನೊಡನೆ ಗೋಡೆಯ ಹತ್ತಿರ ನಡೆದರು. ಗೆಥಿನ್‌ನ ತೋಳು ಹಿಡಿದುಕೊಂಡಿದ್ದ ನನಗೆ ಅವರ ಮಾತು ಕೇಳುವಷ್ಟೇ ದೂರ.

"ಎಮ್ಲಿನ್."

"ಹೇಳಿ ಸೆಕ್ರೆಟರಿಗಳೇ."

"ಮೊಣಕಾಲು ಹೇಗಿದೆ?"

"ಮಳೆ ಬರೋದನ್ನ ಮುಂಚೆನೇ ಹೇಳತ್ತೆ. ಅಷ್ಟೇ ಉಪಯೋಗ."

"ಆ ಹುಡುಗನಿಗೆ ನಾನು ಏನು ಹೇಳ್ಬೇಕಿತ್ತು?"

ಎಮ್ಲಿನ್ ಅಣ್ಣನ ಮುಖ ನೋಡಿದ. ಆಮೇಲೆ ಹೇಳಿದ: "ಒದೆಯೋ ಮುಂಚೆ ಚೆಂಡು ಎಲ್ಲಿಗೆ ಹೋಗ್ಬೇಕೋ ಆ ಕಡೆನೇ ನೋಡ್ತಾನೆ. ಎದುರಿನವರಿಗೆ ಗೊತ್ತಾಗೋಗತ್ತೆ. ಜಾಗ ಮನಸ್ಸಲ್ಲಿ ಇಟ್ಕೊಂಡು, ಚೆಂಡು ನೋಡಿ ಒದಿ ಅನ್ನಿ."

"ಅದು ನಾನು ನಿಂಗೆ ಹೇಳಿಕೊಟ್ಟಿದ್ದು."

"ಮತ್ತೆ? ನಂಗೆ ಬೇರೆ ಯಾರು ಹೇಳಿಕೊಟ್ರು?"

ಪ್ರಾಥರೋ ಅವರು ಟೋಪಿಯ ಕೆಸರನ್ನು ಬೆರಳಿನಿಂದ ಕೆರೆದರು. ಆಮೇಲೆ ಬಕೆಟ್ಟನ್ನು ಗೋಡೆಯ ಬುಡದಲ್ಲಿ ಇಟ್ಟರು.

"ರೂಲು ರೂಲೇ. ನೀನು ಗೇಟು ದಾಟೋ ಹಾಗಿಲ್ಲ. ಮೋಸ್ಟಿನ್, ಈ ಬಕೆಟ್ ನನ್ನ ಕೈಯಲ್ಲಾಗಲ್ಲ, ತಗೋ. ಇನ್ಮೇಲೆ ನಾನು ಆ ಮೂಲೆ ಕಂಬದ ಹತ್ರ ನಿಲ್ತೀನಿ. ಅಲ್ಲಿ ನಿಂತು ಆಟ ನೋಡಿದ್ರೆ, ಈ ಗೋಡೆ ನಂಗೆ ಎಡಗಡೆಗೆ ಬರತ್ತೆ" ಎಂದು ತಮ್ಮ ಕಿವುಡು ಕಿವಿಯನ್ನು ಒಮ್ಮೆ ಮುಟ್ಟಿ ತೋರಿಸಿದರು.

ಅಂದಿನಿಂದ ಅವರು ಆ ಕಂಬದ ಬಳಿಯೇ ನಿಂತರು. ಎಷ್ಟೋ ತಿಂಗಳ ಮೇಲೆ ಕಾರ್ಡಿಫ್‌ನಿಂದ ಯಾರೋ ವಿಚಾರಿಸಲು ಬಂದಾಗ, "ನಮ್ಮ ಗೇಟಿನೊಳಗೆ ಅಂಥವರು ಯಾರೂ ಕಾಲಿಟ್ಟಿಲ್ಲ. ಆಟ ನಡೀತಿರುವಾಗ ಹೊರಗಿನಿಂದ ಯಾರಾದ್ರೂ ಮಾತಾಡಿದ್ದನ್ನ ನಾನು ಕೇಳಿಲ್ಲ" ಎಂದರು. ಒಂದಕ್ಷರವೂ ಸುಳ್ಳಲ್ಲ. ಹಳೆಯ ಪ್ರಾರ್ಥನಾಮಂದಿರದಿಂದ ತೆಗೆದುಹಾಕಿದ್ದ ಒಂದು ಬೆಂಚು, ಆ ವರ್ಷದ ಬೇಸಿಗೆಯಲ್ಲಿ ಗೋಡೆಯ ಆಚೆ ಕಾಲುದಾರಿಯಲ್ಲಿ ಬಂದು ಕುಳಿತಿತ್ತು. ಕೂತವನಿಗೂ ಗೋಡೆಯ ಮೇಲಿನಿಂದ ಆಟ ಕಾಣುವಂತೆ, ಅದರ ಕಾಲಿನಡಿ ಕಲ್ಲುಗಳನ್ನು ಪೇರಿಸಲಾಗಿತ್ತು. ಯಾರು ತಂದಿಟ್ಟರೆಂದು ಯಾರೂ ಕೇಳಲಿಲ್ಲ. ಮಂದಿರದ ಹಿರಿಯರ ಅಪ್ಪಣೆಯಿಲ್ಲದೆ ಅಲ್ಲಿಂದ ಒಂದು ಮೊಳೆಯೂ ಹೊರಗೆ ಬರುವುದಿಲ್ಲ.

ಎಮ್ಲಿನ್ ಆ ಬೆಂಚಿನಲ್ಲಿ ಕುಳಿತೇ ಮುದುಕನಾದ. ಗೇಟನ್ನು ಅವನು ಮತ್ತೆಂದೂ ದಾಟಲಿಲ್ಲ. ಮೋಸ್ಟಿನ್, ಯಂತ್ರಗಳು ಬಂದು ಗಣಿಯ ಕುದುರೆಗಳೆಲ್ಲ ಮೇಲೆ ಬಂದ ಮೇಲೂ, ಅರ್ಧ ತುಂಬಿದ ಬಕೆಟ್ ಹೊರುವಷ್ಟು ಶಕ್ತಿಯಿರುವವರೆಗೂ, ಗೋಡೆಯ ಬುಡ ಬಿಡಲಿಲ್ಲ. ಆಟ ಮಾತ್ರ ಕೊನೆಯವರೆಗೂ ಕಲಿಯಲಿಲ್ಲ.

ಪ್ರಾಥರೋ ಅವರು ಸೆಕ್ರೆಟರಿ ಕೆಲಸ ಬಿಟ್ಟ ಮೇಲಿನ ಮೊದಲ ಶನಿವಾರ ನನಗೆ ಚೆನ್ನಾಗಿ ನೆನಪಿದೆ. ಗುಂಡು ಟೋಪಿ ತೊಟ್ಟು ಗೇಟಿಗೆ ಬಂದರು. ಎಲ್ಲರಂತೆ ಟಿಕೆಟ್ ತೆಗೆದುಕೊಂಡರು. ಅದನ್ನು ಜೇಬಿಗೆ ಹಾಕಿಕೊಂಡು, ಒಳಗೆ ಬಾರದೆ, ಮೈದಾನವನ್ನು ಹೊರಗಿನಿಂದಲೇ ಸುತ್ತಿಕೊಂಡು ಕಾಲುದಾರಿಗೆ ಹೋದರು. ಬೆಂಚಿನ ಒಂದು ತುದಿಯಲ್ಲಿ ಎಮ್ಲಿನ್ ಕುಳಿತಿದ್ದ.

"ಜರುಗು" ಎಂದರು.

ಎಮ್ಲಿನ್ ಜರುಗಲಿಲ್ಲ. ಎದ್ದು, ಕುಂಟುತ್ತ ಬೆಂಚನ್ನು ಬಳಸಿ ಬಂದು, ಅವರ ಬಲಗಡೆಗೆ ಕುಳಿತುಕೊಂಡ.